ಗ್ರಂಥಾಲಯದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನಿಮಗೆ

ನಿಮ್ಮ ಹೆಸರು ಕೇಳದೆ ಬಂದೆನಲ್ಲ ಎಂಬುದು ಇಂದಿಗೂ ಕೊರೆಯುತ್ತದೆ. ಪರೀಕ್ಷೆಗೆ 9 ದಿನ ಉಳಿದಿದ್ದ ಸಂಜೆ, ಅರ್ಥಶಾಸ್ತ್ರದ ಪುಸ್ತಕ ಬದಿಗಿಟ್ಟು ಆರ್ಡರ್‌ಗಳ ಪಟ್ಟಿ ಹಿಡಿದು ಅಳುತ್ತಿದ್ದೆ. ಕೈಯಿಂದ ನೋಟ್‌ಬುಕ್ ಹೊಲಿದು ಮಾರುವುದು ನನ್ನ ವ್ಯಾಪಾರ. ಬೆಳಿಗ್ಗೆ ತರಗತಿ, ಸಂಜೆ ಹೊಲಿಗೆ, ರಾತ್ರಿ ಗ್ರಾಹಕರ ಸಂದೇಶಗಳಿಗೆ ಉತ್ತರ. ಓದಿಗೆ ಉಳಿಯುತ್ತಿದ್ದದ್ದು ನಿದ್ದೆಯಿಂದ ಕದ್ದ ಸಮಯ. 40 ಪುಸ್ತಕಗಳು ಮಾರಾಟವಾಗಿದ್ದರೂ ಹೊಸ ಕಾಗದ ಕೊಳ್ಳಲು ಹಣವಿರಲಿಲ್ಲ.

“ಏನಾಯಿತಮ್ಮ?” ಎಂದು ಕೇಳಿ, ಪಟ್ಟಿಯನ್ನು ನಿಮ್ಮತ್ತ ಎಳೆದುಕೊಂಡಿರಿ. ಕಾಗದ, ದಾರ, ರಟ್ಟಿಗೆ ನಾನು ಅಂದೇ ಹಣ ಕೊಡುತ್ತಿದ್ದೆ. ನನಗೆ ಬರಬೇಕಾದದ್ದು ಬರುತ್ತಿದ್ದುದು ತಿಂಗಳ ನಂತರ. “ಲಾಭ ಲೆಕ್ಕದಲ್ಲಿದೆ, ಹಣ ಗ್ರಾಹಕರ ಬಳಿ ಇದೆ. ಅರ್ಧ ಮುಂಗಡ ಬರುವವರೆಗೆ ಸೂಜಿ ಹಿಡಿಯಬೇಡ” ಎಂದಿರಿ. ಒಂದು ಪುಸ್ತಕಕ್ಕೆ ಎಷ್ಟು ಹೊತ್ತು ಬೇಕು ಎಂದಿರಿ. 2 ಗಂಟೆ ಎಂದೆ. “ಆ 2 ಗಂಟೆ ಬೆಲೆಯಲ್ಲಿ ಎಲ್ಲಿದೆ?”

ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾಗುವ ಇನ್ನೊಂದರ ಬೆಲೆ, ಅಂದರೆ ಅವಕಾಶ ವೆಚ್ಚ, ಅದರ ವ್ಯಾಖ್ಯೆಯನ್ನು ನಾನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಕ್ಷಣದಲ್ಲಿ. ಸಮಾಧಾನದ ಮಾತು ಹೇಳುವವರು ಹಲವರು. ಲೆಕ್ಕಕ್ಕೆ ಕೈ ಹಚ್ಚಿದವರು ನೀವೊಬ್ಬರೇ.

ಈಗ ಪರೀಕ್ಷೆಗೆ 3 ವಾರ ಮೊದಲೇ ಆರ್ಡರ್ ನಿಲ್ಲಿಸುತ್ತೇನೆ. ಬೆಲೆ ಏರಿಸಿದಾಗ ಕೆಲವರು ದೂರವಾದರು, ಹೆಚ್ಚಿನವರು ಉಳಿದರು. ನಿಮಗಾಗಿ ಗೆರೆಯಿಲ್ಲದ ಹಾಳೆಗಳ ಪುಸ್ತಕವೊಂದನ್ನು ಹೊಲಿದಿದ್ದೇನೆ. ದಿನವೂ ಚೀಲದಲ್ಲಿಟ್ಟುಕೊಂಡು ಅದೇ ಮೇಜಿಗೆ ಬರುತ್ತೇನೆ.