ಉಳಿದ ಏಳು ಕಾರ್ಡಿಗೆ ಪ್ಯಾಕ್ ತಗೋಬೇಡ ಮಗಳೇ

ಪುಟ್ಟಿ,

ಕ್ರಿಕೆಟ್ ಕಾರ್ಡ್ ಸೆಟ್ ಮುಗಿಯೋಕೆ ಇನ್ನೂ ಏಳು ಬಾಕಿ, ಅಜ್ಜನ ಹತ್ರ ದುಡ್ಡು ಇಸ್ಕೊಂಡು ಇನ್ನೊಂದಿಷ್ಟು ಪ್ಯಾಕ್ ತಗೊಳ್ಲಾ ಅಂತ ವಾಯ್ಸ್ ಮೆಸೇಜ್ ಹಾಕಿದ್ಯಲ್ಲ, ಫೋನಲ್ಲಿ ಬೇಡ ಅಂದ್ರೆ ಮುಖ ಊದಿಸ್ಕೊಂಡು ಕೂರ್ತೀಯ, ಅದಕ್ಕೇ ಬರೀತಿದೀನಿ, ಪೂರ್ತಿ ಓದು.

ಮೊದ್ಲು ಲೆಕ್ಕ ನೋಡು. ಪ್ಯಾಕ್ ಒಡೆದ್ಮೇಲೇ ಅಲ್ವಾ ಒಳಗೆ ಯಾವ ಕಾರ್ಡು ಅಂತ ಗೊತ್ತಾಗೋದು. ಸೆಟ್ಟಲ್ಲಿ 100 ಕಾರ್ಡ್, ಎಲ್ಲಾನೂ ಒಂದೇ ಸಮ ಪ್ರಿಂಟ್ ಆಗಿದೆ ಅಂತ ಇಟ್ಕೊ. ಬೇರೆ ಬೇರೆ 50 ಕಾರ್ಡ್ ಸೇರೋಕೆ ಸರಾಸರಿ 69 ಕಾರ್ಡ್ ತಗೊಂಡ್ರೆ ಸಾಕು, ಅದಕ್ಕೇ ಶುರುವಲ್ಲಿ ಅಷ್ಟು ಖುಷಿ ಆಗೋದು. ಆದ್ರೆ ಪೂರ್ತಿ ಸೆಟ್ಟಿಗೆ ಸರಾಸರಿ 519 ಬೇಕು, ಅದ್ರಲ್ಲಿ ಕೊನೇ ಹತ್ತಕ್ಕೇ 293 ಹೋಗತ್ತೆ, ಕಟ್ಟಕಡೆಯ ಒಂದೇ ಒಂದಕ್ಕೆ 100! ಆಗ ಬರೋ ಕಾರ್ಡೆಲ್ಲಾ ನೂರಕ್ಕೆ ತೊಂಬತ್ತೊಂಬತ್ತು ನಿನ್ ಹತ್ರ ಇರೋದೇ ಅಲ್ವಾ. ನೀನೀಗ ನಿಂತಿರೋದು ಆ ದುಬಾರಿ ಜಾಗದಲ್ಲಿ. ಇಲ್ಲಿಂದ ಮುಂದೆ ಬದಲಾಯಿಸ್ಕೊಳ್ಳೋದೇ ದಾರಿ, ನಿನ್ನ ಡಬ್ಬಿ ತುಂಬ ಇರೋ ಡಬಲ್‌ಗಳೇ ನಿನ್ನ ದುಡ್ಡು. ಇಬ್ರು ಸೇರಿ ಎರಡು ಸೆಟ್ ಮಾಡಿದ್ರೆ, ಒಬ್ಬೊಬ್ಬರೇ ಮಾಡೋದಕ್ಕಿಂತ ತುಂಬಾ ಕಮ್ಮಿ ಕಾರ್ಡಲ್ಲಿ ಆಗತ್ತೆ, ನಿಂಗೆ ಬೇಡದ್ದು ಜೊತೆಗಿರೋಳಿಗೆ ಬೇಕಿರತ್ತೆ.

ಇನ್ನೊಂದು ವಿಷ್ಯ, ಆ ಏಳೂ ಪ್ಯಾಕಲ್ಲಿ ಬರೋದೇನಾ ಅಂತ ಚೆಕ್‌ಲಿಸ್ಟ್, ಅಂದ್ರೆ ಸೆಟ್ಟಿನ ಕಾರ್ಡುಗಳ ಪಟ್ಟಿ, ನೋಡ್ಕೋ. ಅಮೇರಿಕದಲ್ಲಿ ಗೌಡಿ ಅಂತ ಬಬಲ್‌ಗಮ್ ಕಂಪನಿ ಇತ್ತು, 1933ರಲ್ಲಿ ಗಮ್ ಜೊತೆ ಸಿಗೋ ಹಾಗೆ 240 ನಂಬರಿನ ಬೇಸ್‌ಬಾಲ್ ಕಾರ್ಡ್ ಸೆಟ್ ತಂತು, ಆದ್ರೆ 106ನೇ ನಂಬರ್ ಕಾರ್ಡನ್ನ ಆ ವರ್ಷ ಪ್ರಿಂಟೇ ಮಾಡಿರ್ಲಿಲ್ಲ. ಮಕ್ಕಳು ಎಷ್ಟು ಗಮ್ ತಗೊಂಡ್ರೂ ಅದೊಂದು ಸಿಗಂಗಿಲ್ಲ! ಜನ ಕಾಗದ ಬರೆದು ಕೇಳಿದ್ಮೇಲೆ 1934ರಲ್ಲಿ ನ್ಯಾಪ್ ಲಾಜೊಯ್ ಅನ್ನೋ ಆಟಗಾರನ ಕಾರ್ಡ್ 106 ಮಾಡಿ, ಬರೆದವ್ರಿಗೆ ಪೋಸ್ಟಲ್ಲಿ ಕಳಿಸಿದ್ರು. ಈಗಿನ ಸೆಟ್ಟುಗಳಲ್ಲೂ ಕೆಲವು ಲಿಮಿಟೆಡ್ ಕಾರ್ಡು ದೊಡ್ಡ ಡಬ್ಬಿಯಲ್ಲಿ ಮಾತ್ರ ಇರತ್ತೆ, ಅಂಥದ್ದಕ್ಕೆ ಚಿಕ್ಕ ಪ್ಯಾಕ್ ಒಡೀತಾ ಕೂತ್ರೆ ಎಂತ ಸಿಗತ್ತೆ ಹೇಳು.

ಬದಲಾಯಿಸುವಾಗ ಎರಡು ಲಿಸ್ಟ್ ಇರ್ಲಿ, ಬೇಕಾಗಿದ್ದು ಒಂದು, ಕೊಡೋಕಿರೋದು ಒಂದು, ಹೆಸ್ರು ಬೇಡ ನಂಬರ್ ಬರಿ. ಡಬಲ್ ಇರೋ ಕೊಹ್ಲಿ ಕೊಟ್ಟು ಯಾರೂ ಕೇಳದ ಬೌಲರ್ ತಗೊಂಡ್ರೆ ಕ್ಲಾಸಲ್ಲಿ ಯಾರಾದ್ರೂ ನಗಬಹುದು, ನಗ್ಲಿ ಬಿಡು, ನಿನ್ನ ಸೆಟ್ಟಲ್ಲಿ ಖಾಲಿ ಇರೋ ಜಾಗ ಆ ಬೌಲರಿಂದು. ಫಳಫಳ ಅನ್ನೋ ಫಾಯಿಲ್ ಕಾರ್ಡಿಗೆ ಎಷ್ಟು ಮಾಮೂಲಿ ಕಾರ್ಡು ಅಂತ ಮೊದ್ಲೇ ಮಾತಾಡ್ಕೊಳ್ಳಿ. ಮತ್ತೆ ನಿಂಗೆ ಬೇಕಾಗಿದ್ದು ಕುಮಟಾದ ಹುಡುಗನ ಹತ್ರ ಇದ್ದು, ಅವನಿಗೆ ಬೇಕಾಗಿದ್ದು ನಿನ್ ಹತ್ರ ಇಲ್ದೆ ಇಲ್ಲಿ ಕಾರವಾರದ ಹುಡುಗಿ ಹತ್ರ ಇದ್ರೆ ಬೇಜಾರಾಗ್ಬೇಡ, ನೀನು ಅವಳಿಗೆ ಕೊಡು, ಅವಳು ಅವನಿಗೆ, ಅವನು ನಿಂಗೆ, ಮೂವರದ್ದೂ ಆಗತ್ತೆ. ಇಲ್ಲಿ ನೇವಿ ಮಕ್ಕಳ ಹತ್ರ ಊರೂರಿನ ಕಾರ್ಡಿದೆ, ಅಪ್ಪಂದಿರಿಗೆ ಟ್ರಾನ್ಸ್‌ಫರ್ ಆದ್ರೆ ಕಾರ್ಡೂ ಹೋಯ್ತು, ಹಾಗಾಗಿ ತಡ ಮಾಡ್ಬೇಡ.

ಕಳಿಸೋದಂತೂ ಚೆನ್ನಾಗಿ ಕಳಿಸು ಮಗಾ, ಇದ್ರಲ್ಲಿ ಮಾತ್ರ ಸೋಮಾರಿತನ ಬೇಡ. ಒಂದೊಂದು ಕಾರ್ಡಿಗೂ ತೆಳ್ಳನೆ ಪ್ಲಾಸ್ಟಿಕ್ ಸ್ಲೀವ್ ಹಾಕು, ಎರಡು ರಟ್ಟಿನ ಮಧ್ಯ ಇಡು, ರಟ್ಟು ಕಾರ್ಡಿಗಿಂತ ಒಂದು ಬೆರಳು ದೊಡ್ಡದಿರ್ಲಿ, ಟೇಪು ರಟ್ಟಿಗೆ ಮಾತ್ರ ಅಂಟಿಸು, ತುದಿ ಒಂಚೂರು ಮಡಚಿಡು, ಬಿಚ್ಚೋರು ಕತ್ತರಿ ಹಾಕೋದು ತಪ್ಪತ್ತೆ. ಮಳೆಗಾಲ, ಮೇಲೊಂದು ಪ್ಲಾಸ್ಟಿಕ್ ಕವರ್ ಬೇಕೇ ಬೇಕು. ಕರಾವಳಿಯ ಈ ತೇವಕ್ಕೆ ಕಾರ್ಡಿನ ಒಂದು ಬದಿ ಇನ್ನೊಂದಕ್ಕಿಂತ ಜಾಸ್ತಿ ನೀರು ಹೀರಿ ಹಪ್ಪಳದ ಹಾಗೆ ಬಾಗತ್ತೆ, ಶಿರಸಿ ಮಳೆಯಲ್ಲೂ ಬೂಷ್ಟು ಬಿಡಲ್ಲ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎಸೀದೆ ಆಲ್ಬಮ್ ಡಬ್ಬಿಗೆ ಹಾಕಿಡು. ಕಳಿಸೋ ಮುಂಚೆ ಕಾರ್ಡನ್ನ ಲೈಟಿಗೆ ಓರೆಯಾಗಿ ಹಿಡಿದು ನೋಡು, ಗೆರೆ ಬಿದ್ದಿದ್ರೆ, ಮೂಲೆ ಸವೆದಿದ್ರೆ ತಗೊಳ್ಳೋರಿಗೆ ಮೊದ್ಲೇ ಹೇಳು, ಫೋಟೋನೂ ಹಾಕು, ಬೇಡ ಅಂದ್ರೆ ಬೇರೆ ಕೊಡು. ಕೊಡ್ತೀನಿ ಅಂದಿದ್ದನ್ನ ಬೇರೆಯವ್ರು ಒಳ್ಳೇ ಕಾರ್ಡ್ ತೋರಿಸಿದ್ರು ಅಂತ ಅವ್ರಿಗೆ ಕೊಟ್ಬಿಡೋದು ನಂಗೆ ಒಂಚೂರೂ ಇಷ್ಟ ಆಗಲ್ಲ.

ಶುಕ್ರವಾರದೊಳಗೆ ಎರಡೂ ಲಿಸ್ಟ್ ಫೋಟೋ ತೆಗ್ದು ಕಳ್ಸು, ಶನಿವಾರ ಟಾಗೋರ್ ಬೀಚಿಗೆ ಆ ಮಕ್ಕಳು ಬರ್ತಾರೆ, ನಾನೇ ಕೇಳ್ತೀನಿ. 63ನೇ ನಂಬರ್ ಕಾರ್ಡ್ ಡಬಲ್ ಇದೆ ಅಂದಿದ್ಯಲ್ಲ, ಅದನ್ನ ಯಾರಿಗೂ ಕೊಡ್ಬೇಡ, ಇಲ್ಲೊಬ್ಳಿಗೆ ಅದೊಂದೇ ಬಾಕಿಯಂತೆ.

ನಿನ್ನ ಆಯಿ