ಬಸುವಿನ ಮುಂದಿನ ಓದಿನ ವಿಚಾರವಾಗಿ ಅಪ್ಪಾಜಿಗೆ

ಸ್ಟುಟ್‌ಗಾರ್ಟ್,
2 ಏಪ್ರಿಲ್ 2025

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಶೈಲಾ ಮಾಡುವ ಶರಣು ಶರಣಾರ್ಥಿಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅವ್ವ, ಬಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಯುಗಾದಿಯ ದಿನ ಬಸುವಿನ ಎಂ.ಎಸ್. ಮಾತು ಬಂದಾಗ, ಬೀಳಗಿ ರಸ್ತೆಯ ಹೊಲವನ್ನು ಬ್ಯಾಂಕಿಗೆ ಅಡವಿಟ್ಟಾದರೂ ಅವನನ್ನು ಆ ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೇ ಕಳಿಸುವುದಾಗಿ ಹೇಳಿದಿರಿ. ಅಜ್ಜನ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ, ಮುಳುಗಡೆಯ ಪರಿಹಾರದಲ್ಲಿ ನೀವು ಕೊಂಡ ಹೊಲ ಅದು. ಫೋನಿನಲ್ಲಿ ನಿಮಗೆ ಎದುರು ಮಾತನಾಡಲು ಮನಸ್ಸಾಗಲಿಲ್ಲ. ಆದರೆ ಸುಮ್ಮನಿದ್ದರೆ ತಪ್ಪಾದೀತೆಂದು ಈ ಪತ್ರ ಬರೆದು, ಅದರ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ.

ಅಪ್ಪಾಜಿ, ಬಸುವಿಗೆ ಏನು ಓದಬೇಕೆಂಬುದು ಹತ್ತು ವರ್ಷದವನಿದ್ದಾಗಲೇ ತಿಳಿದಿತ್ತು. ಕೂಡಲಸಂಗಮದಲ್ಲಿ ಐಕ್ಯಮಂಟಪದ ಸುತ್ತ ಕಟ್ಟಿದ ಆ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿಯುವಾಗ, ಅವನು ಗೋಡೆಗೆ ಅಂಗೈ ಒತ್ತಿ, ಹೊರಗೆ ನಮ್ಮ ತಲೆಗಿಂತ ಎತ್ತರಕ್ಕೆ ನೀರು ನಿಂತಿದ್ದರೂ ಅದು ಒಳಗೆ ನುಗ್ಗುವುದಿಲ್ಲವೇಕೆ ಎಂದು ನಿಮ್ಮನ್ನು ಕೇಳಿದ್ದು ನೆನಪಿದೆಯೇ? ಈಗ ಅಂತಿಮ ವರ್ಷದ ಪ್ರಾಜೆಕ್ಟಿಗೂ ಘಟಪ್ರಭೆಯ ಹಿನ್ನೀರಿನಲ್ಲಿ ಹೂಳು ಕೂಡುವ ಬಗೆಯನ್ನೇ ಆರಿಸಿಕೊಂಡಿದ್ದಾನೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದಿರುವ ನಮ್ಮ ಜಿಲ್ಲೆಗೆ, ಈ ವಿದ್ಯೆಯನ್ನು ಆಳವಾಗಿ ಬಲ್ಲವರು ಬೇಕೇ ಬೇಕು. ಆದ್ದರಿಂದ ಎಲ್ಲಿ ಓದಬೇಕೆಂದು ನೋಡುವಾಗ ಪಟ್ಟಿಯಲ್ಲಿ ಆ ಶಾಲೆಯ ಕ್ರಮಾಂಕ ಎಷ್ಟು ಎನ್ನುವುದಕ್ಕಿಂತ, ಅಲ್ಲಿ ಹೂಳಿನ ಮೇಲೆ ಯಾರು ಕೆಲಸ ಮಾಡುತ್ತಿದ್ದಾರೆ, ಪ್ರಯೋಗಾಲಯದಲ್ಲಿ ಏನಿದೆ, ಖರ್ಚನ್ನು ಯಾರು ಹೊರುತ್ತಾರೆ ಎಂದು ಮೊದಲು ಕೇಳಬೇಕೆನ್ನುವುದು ನನ್ನ ವಿನಂತಿ.

ದೊಡ್ಡ ಹೆಸರಿನವರು ಪ್ರವೇಶ ಕೊಟ್ಟಿದ್ದಾರೆ, ಆದರೆ ಒಂದು ಪೈಸೆಯ ನೆರವನ್ನೂ ಬರೆದಿಲ್ಲ. ಅಲ್ಲಿ ಹೋದ ಮೇಲೆ ಏನಾದರೂ ಸಿಗುತ್ತದೆ ಎಂದು ಬಸುವಿನ ಗೆಳೆಯರು ಹೇಳುತ್ತಿದ್ದಾರಂತೆ. ಈ ಮಾತನ್ನು ನಂಬಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ನನಗೆ ಸಹಾಯಧನ ಸಿಗುವುದು ಬಹುತೇಕ ಖಚಿತ ಎಂದು ಒಂದು ವಿಶ್ವವಿದ್ಯಾಲಯದವರು ಇಮೇಲ್‌ನಲ್ಲಿ ಬರೆದಾಗ, ಅವ್ವ ತನ್ನ ಪಾಟ್ಲಿ ಬಿಚ್ಚಿ ಕೊಟ್ಟಳು, ಅದನ್ನು ಒತ್ತೆಯಿಟ್ಟು ಮುಂಗಡ ಕಟ್ಟಿದೆವು. ಅಧಿಕೃತ ಪತ್ರ ಬಂದಾಗ ಅದರಲ್ಲಿ ಸಹಾಯಧನದ ಸೊಲ್ಲೇ ಇರಲಿಲ್ಲ, ಕಟ್ಟಿದ ಹಣವೂ ಮರಳಲಿಲ್ಲ. ಅವ್ವನ ಬರಿಗೈ ಕಂಡಾಗ ಆದ ಸಂಕಟ ನನ್ನಲ್ಲಿ ಇನ್ನೂ ಹಾಗೆಯೇ ಇದೆ.

ಅವ್ವನಿಗೆ ಮಕ್ಕಳಿಬ್ಬರೂ ಒಂದೇ ಊರಿನಲ್ಲಿರಲೆಂಬ ಆಸೆ. ನನಗೂ ಇದೆ. ಜರ್ಮನಿಯಲ್ಲಿ ನಾನಿರುವ ಈ ರಾಜ್ಯದಲ್ಲಿ ಹೊರದೇಶದವರಿಗೆ ಒಂದು ಸೆಮಿಸ್ಟರಿಗೆ 1,500 ಯೂರೋ ಶುಲ್ಕ, ಅಮೆರಿಕಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೆ ವೀಸಾಕ್ಕೆ ಮೊದಲೇ 11,904 ಯೂರೋ, ಎಂದರೆ ಸುಮಾರು 11 ಲಕ್ಷ ರೂಪಾಯಿ, ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಪಾಠ ಇಂಗ್ಲಿಷಿನಲ್ಲಿ ನಡೆದರೂ, ಜರ್ಮನ್ ಬಾರದವರಿಗೆ ಹೊರಗೆ ಎಂಜಿನಿಯರ್ ಕೆಲಸ ಸಿಗುವುದು ಕಷ್ಟವೆಂದು ನಾನೇ ಕಂಡಿದ್ದೇನೆ.

ನನ್ನ ಒಲವು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಡೆಗಿದೆ. ಅಲ್ಲಿಯ ಜಲಸಂಶೋಧನಾ ಸಂಸ್ಥೆ ನೂರು ವರ್ಷ ದಾಟಿದ್ದು, ಪ್ರಯೋಗಾಲಯವು ಅಯೋವಾ ನದಿಯ ದಂಡೆಯ ಮೇಲೆಯೇ ಇದೆ. 2008ರ ಮಹಾಪೂರದ ಮರುವರ್ಷ ಅಲ್ಲಿ ಪ್ರವಾಹದ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನೂ ತೆರೆದರು. ಬಸುವಿಗೆ ಸಂಶೋಧನಾ ಸಹಾಯಕನ ಕೆಲಸ ಕೊಡಲು ಒಪ್ಪಿದ ಪ್ರಾಧ್ಯಾಪಕರು ಹೂಳಿನ ಮೇಲೆಯೇ ಕೆಲಸ ಮಾಡುವವರು. ವಾರಕ್ಕೆ 20 ಗಂಟೆ ದುಡಿದರೆ ಶುಲ್ಕವೂ ತಿಂಗಳ ಖರ್ಚೂ ನಡೆಯುತ್ತದೆ. ಇಲ್ಲಿ ಸ್ಟುಟ್‌ಗಾರ್ಟ್‌ನ ಪ್ರಯೋಗಾಲಯದಲ್ಲಿ ನಾನು ಗಾಜಿನ ಕಾಲುವೆಯ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು, ಮರಳಿನ ಕಣಗಳು ಒಂದೊಂದಾಗಿ ಸಣ್ಣ ದಿಬ್ಬದ ಬೆನ್ನೇರಿ ಆಚೆಗೆ ಉರುಳುವುದನ್ನೂ, ಹಾಗೆ ಉರುಳುತ್ತಲೇ ಇಡೀ ದಿಬ್ಬ ಬೆರಳಷ್ಟು ಮುಂದೆ ಸರಿಯುವುದನ್ನೂ ನೋಡುತ್ತೇನೆ. ಹೂಳು ಹೇಗೆ ನಡೆಯುತ್ತದೆಂದು ನನಗೆ ಪುಸ್ತಕದಿಂದ ತಿಳಿಯದಿದ್ದುದು ಅಲ್ಲಿ ತಿಳಿಯಿತು. ಬಸುವಿಗೂ ಅಂಥ ಜಾಗ ಸಿಗಬೇಕು.

ಹಾಗೆಂದು ಕಣ್ಣು ಮುಚ್ಚಿ ಒಪ್ಪುವುದೂ ಬೇಡ. ಪ್ರಾಧ್ಯಾಪಕರು ಕೊಡುವ ಹಣ ಸಂಶೋಧನಾ ಅನುದಾನದಿಂದ ಬರುತ್ತದೆ, ಈ ವರ್ಷ ಅಮೆರಿಕದ ಸರ್ಕಾರ ಅಂಥ ಅನುದಾನಗಳನ್ನು ಕಡಿತ ಮಾಡುತ್ತಿದೆ. ನೆರವು ಒಂದು ವರ್ಷಕ್ಕೋ ಎರಡಕ್ಕೋ, ಬೇಸಿಗೆಯ ಮೂರು ತಿಂಗಳಿಗೂ ಉಂಟೋ, ಆರೋಗ್ಯ ವಿಮೆ ಯಾರದು, ಅನುದಾನ ನಿಂತರೆ ಬೋಧನಾ ಸಹಾಯಕನ ಕೆಲಸ ಸಿಗುವುದೋ ಎಂದು ಬಸು ಪತ್ರ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಲಿ. ಅದೇ ಪ್ರಾಧ್ಯಾಪಕರ ಬಳಿ ಈಗ ಓದುತ್ತಿರುವ ವಿದ್ಯಾರ್ಥಿಗಳೊಂದಿಗೂ ಮಾತನಾಡಲಿ. ಹಣದ ನೆರವಿನೊಂದಿಗೆ ಪ್ರವೇಶ ಕೊಟ್ಟಾಗ ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಉತ್ತರಕ್ಕೆ ಏಪ್ರಿಲ್ 15ರ ವರೆಗೆ ಕಾಲ ಕೊಡುತ್ತವೆ, ಆದ್ದರಿಂದ ಕೇಳಲು ಸಂಕೋಚಪಡಬೇಕಾಗಿಲ್ಲ.

ಉತ್ತರ ಸಮಾಧಾನ ತರದಿದ್ದರೆ ಅವನು ರೂರ್ಕಿ ಐಐಟಿಗೆ ಹೋಗಲಿ. ಗೇಟ್ ಪ್ರವೇಶ ಪರೀಕ್ಷೆಯ ಅಂಕ ಚೆನ್ನಾಗಿ ಬಂದಿದೆ, ಸೀಟು ಹಂಚಿಕೆಗೆ ಇನ್ನೂ ಸಮಯವಿದೆ, ಎಂ.ಟೆಕ್. ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನವೂ ಇದೆ. ಗಂಗಾ ಕಾಲುವೆ ಕಟ್ಟುವ ಕೆಲಸಕ್ಕೆ ಎಂಜಿನಿಯರರನ್ನು ತಯಾರು ಮಾಡಲೆಂದು 1847ರಲ್ಲಿ ಆರಂಭವಾದ ಕಾಲೇಜೇ ಇಂದಿನ ರೂರ್ಕಿ ಐಐಟಿ. ವಿದೇಶ ತಪ್ಪಿತಲ್ಲಾ ಎಂದು ಅವನು ಮುಖ ಸಣ್ಣದು ಮಾಡಿಕೊಂಡರೆ ಇದನ್ನು ಹೇಳಿ. ನಮ್ಮ ಓಣಿಯವರು ಏನೆಂದುಕೊಂಡಾರು ಎಂಬ ಚಿಂತೆಯನ್ನು ಮಾತ್ರ ನೀವು ಮನಸ್ಸಿಗೆ ತಂದುಕೊಳ್ಳಬೇಡಿ.

ಹದಿನೈದರ ವರೆಗೆ ಬ್ಯಾಂಕಿಗೆ ಹೋಗಬೇಡಿ, ಹೊಲದ ಕಾಗದಪತ್ರ ಟ್ರಂಕಿನಲ್ಲೇ ಇರಲಿ. ಬಸು ಪ್ರಾಧ್ಯಾಪಕರಿಗೆ ಬರೆಯುವ ಪತ್ರವನ್ನು ಕಳಿಸುವ ಮುನ್ನ ನನಗೊಮ್ಮೆ ತೋರಿಸಲಿ, ರವಿವಾರ ನಾನು ಬಿಡುವಾಗಿರುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ಶೈಲಾ