ಕೆಲಸ ಬಿಡುವ ಮುಂಚೆ ಎಚ್‌ಆರ್‌ಗೆ ಇದೊಂದು ಕೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. ಹಿಂಜವಡಿಯಲ್ಲಿ ಕೆಲಸ, ವಯಸ್ಸು 24. "ಕಾಕಾ, ಈ ಕಂಪನಿ ಬಿಟ್ಟು ಹೊಸದು ಸೇರೋಕೆ ಮೂರು ತಿಂಗಳು ಗ್ಯಾಪ್ ಇದೆ. ಈ ಮೂರು ತಿಂಗಳ ಹೆಲ್ತ್ ಪಾಲಿಸಿ ತಗೊಳ್ಳಲಾ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನು ನಿಮ್ಮ ಓದುಗರಿಗೂ ಹೇಳಬೇಕು ಅನ್ನಿಸಿತು. ಪುಣೆಯಲ್ಲಿ ಕೆಲಸ ಬದಲಿಸುವ ನಮ್ಮವರು ತುಂಬಾ ಜನ ಇದ್ದಾರೆ.

ನಾನು ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ 17 ವರ್ಷ ಇದ್ದೆ. ಆಮೇಲೆ ಚಾಕಣದ ಕಂಪನಿ ಸೇರಿದೆ. ಅಲ್ಲಿ ಮೆಡಿಕ್ಲೇಮ್, ಅಂದರೆ ಕಂಪನಿಯ ಆರೋಗ್ಯ ವಿಮೆ, ಸಿಗುವುದು ಪರ್ಮನೆಂಟ್ ಆದ ಮೇಲೆ, ಅಂದರೆ ಆರು ತಿಂಗಳ ನಂತರ. ಅಷ್ಟರ ಮಟ್ಟಿಗೆ ಇರಲಿ ಎಂದು ಮನೆಮಂದಿಗೆಲ್ಲ ಆರು ತಿಂಗಳ ಪಾಲಿಸಿ ಮಾಡಿಸಿದೆ. ಫೋನಿನಲ್ಲಿ ಮಾರಿದವನು "ಎಲ್ಲಾ ಕವರ್ ಆಗುತ್ತೆ ಸರ್" ಎಂದಿದ್ದ.

ಮೂರನೇ ತಿಂಗಳು ಒಂದು ರಾತ್ರಿ ನನ್ನ ಹೆಂಡತಿಗೆ ಹೊಟ್ಟೆನೋವು. ತಡೆಯಲಾರದೆ ಅಳುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು ಎಂದರು. ಬೆಳಿಗ್ಗೆ ಹತ್ತಕ್ಕೆ ಕ್ಯಾಶ್‌ಲೆಸ್ ಇಲ್ಲ, ಅಂದರೆ ಆಸ್ಪತ್ರೆಗೆ ವಿಮಾ ಕಂಪನಿ ನೇರವಾಗಿ ಹಣ ಕಟ್ಟುವುದಿಲ್ಲ ಎಂದು ಉತ್ತರ ಬಂತು. ಹಿಂದಿನ ವರ್ಷದ ಸೋನೋಗ್ರಫಿ ರಿಪೋರ್ಟಿನಲ್ಲಿ ಕಲ್ಲಿನ ವಿಷಯ ಇತ್ತು, ಹಾಗಾಗಿ ಅದು ಮೊದಲೇ ಇದ್ದ ಕಾಯಿಲೆ ಅಂತೆ. 82 ಸಾವಿರ ಬಿಲ್. ಮಗಳ ಕಾಲೇಜಿಗೆ ಇಟ್ಟಿದ್ದ ಎಫ್‌ಡಿ ಮುರಿಸಿದೆ. ಹಳೇ ಕಂಪನಿ ಎಲ್ಲಾ ಕೆಲಸಗಾರರಿಗೂ ಒಟ್ಟಿಗೆ ಮಾಡಿಸಿದ್ದ ಗ್ರೂಪ್ ಪಾಲಿಸಿಯಲ್ಲಿ ಹಳೇ ಕಾಯಿಲೆಗೂ ಮೊದಲ ದಿನದಿಂದ ದುಡ್ಡು ಸಿಗುತ್ತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಕೂತು ಪಾಲಿಸಿ ಪೂರ್ತಿ ಓದಿದೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಇಲ್ಲ. ಅಂದರೆ ಆರು ತಿಂಗಳಲ್ಲಿ ಒಂದು ತಿಂಗಳು ಹೋಯಿತು. ಹರ್ನಿಯಾ, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು ಇಂಥವಕ್ಕೆ ವರ್ಷದ ಪಾಲಿಸಿಗಳಲ್ಲೇ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದೆ, ನಿಜ. ಆದರೆ ಆರು ತಿಂಗಳಿಗೆ ಮುಗಿಯುವ ಪಾಲಿಸಿಯಲ್ಲಿ 36 ತಿಂಗಳು ಕಾಯುವುದು ಹೇಗೆ? ವರ್ಷದ ಪಾಲಿಸಿ ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು. ಒಂದು ವರ್ಷಕ್ಕಿಂತ ಕಡಿಮೆ ಅವಧಿಯದಕ್ಕೆ ಆ ಸೌಲಭ್ಯವೂ ಇಲ್ಲ.

ಸಣ್ಣ ಅವಧಿಯ ಪಾಲಿಸಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2020ರ ಜುಲೈನಲ್ಲಿ ಕೊರೊನಾ ಕವಚ್ ಬಂತಲ್ಲ, ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳಿನದು. ಒಂದೇ ಕಾಯಿಲೆಗೆ ಮಾಡಿದ್ದು, ಕಾಯಬೇಕಾದದ್ದು 15 ದಿನ ಮಾತ್ರ. ಆಗ ಅದು ಸರಿಯಾಗಿತ್ತು. ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದವರಿಗೆ, ಹೊಸ ಕಂಪನಿಯ ಮೆಡಿಕ್ಲೇಮ್ ಯಾವ ತಾರೀಖಿನಿಂದ ಎಂದು ಬರಹದಲ್ಲಿ ಗೊತ್ತಿರುವವರಿಗೆ, ಬೈಕ್ ಓಡಿಸುವಾಗ ಅಪಘಾತದ ಭಯ ಇರುವವರಿಗೆ ಸಣ್ಣ ಅವಧಿಯ ಪಾಲಿಸಿ ನಡೆಯುತ್ತದೆ. ಬಿಪಿ, ಶುಗರ್ ಇರುವವರಿಗೆ, ವಯಸ್ಸಾದ ತಂದೆತಾಯಿಗೆ ಅದನ್ನೇ ನಂಬಿ ಕೂರಬೇಡಿ.

ಇಷ್ಟೆಲ್ಲಾ ಬರೆದದ್ದು ಮುಖ್ಯವಾಗಿ ಒಂದು ವಿಷಯಕ್ಕೆ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಇದ್ದವರು ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅರ್ಜಿ ಹಾಕಬಹುದು. ಮನೆಯವರಿಗೂ ಅದು ಅನ್ವಯ. ವಿಮಾ ಕಂಪನಿಯವರು ನಮಗಿರುವ ಕಾಯಿಲೆಗಳ ಬಗ್ಗೆ ಕೇಳುತ್ತಾರೆ, ಪ್ರೀಮಿಯಂ ನಾವೇ ಕಟ್ಟಬೇಕು. ಆದರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ನನ್ನ 17 ವರ್ಷ ಸುಮ್ನೆ ನೀರಲ್ಲಿ ಹೋಯಿತು. ಹಳೇ ಕಂಪನಿಯಲ್ಲಿ ಐಡಿ ಕಾರ್ಡ್, ಲಾಕರಿನ ಕೀ, ಸೇಫ್ಟಿ ಶೂ ಎಲ್ಲಾ ಲೆಕ್ಕ ಹಾಕಿ ವಾಪಸ್ ತಗೊಂಡರು. ಈ ಒಂದು ಮಾತನ್ನು ಯಾರೂ ಹೇಳಲಿಲ್ಲ.

ಇನ್ನೊಂದು. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಇಲ್ಲಿನ ರೇಷನ್ ಕಾರ್ಡ್ ಅಥವಾ ನಿವಾಸಿ ಪ್ರಮಾಣಪತ್ರ ಬೇಕು. ನಮ್ಮ ರೇಷನ್ ಕಾರ್ಡ್ ಇನ್ನೂ ಇಂಡಿ ತಾಲೂಕಿನ ಊರಲ್ಲೇ ಇತ್ತು. ನಿಮ್ಮದೂ ಊರಲ್ಲೇ ಇರಬಹುದು, ಅಲ್ವಾ? ಇಲ್ಲೇ ನೆಲೆಸಿದವರು ಅದನ್ನು ಬದಲಿಸಿಕೊಳ್ಳಿ.

ಆ ಹುಡುಗನಿಗೆ ಮೊದಲು ಗ್ರೂಪ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಗಬೇಕು ಎಂದು ಎಚ್‌ಆರ್‌ಗೆ ಮೇಲ್ ಹಾಕು ಎಂದೆ. ಅದು ಆಗದಿದ್ದರೆ ಮೂರು ತಿಂಗಳಿನದು ಬಿಟ್ಟು ವರ್ಷದ ಪಾಲಿಸಿಯನ್ನೇ ತಗೋ, ಹೊಸ ಕಂಪನಿಯದು ಸಿಕ್ಕ ಮೇಲೂ ಬಿಡಬೇಡ ಎಂದೆ. ಸ್ವಂತ ಪಾಲಿಸಿಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಈ ವಯಸ್ಸಿನಲ್ಲಿ ಪ್ರೀಮಿಯಂ ಕೂಡ ಕಡಿಮೆ.

ಕಾರ್ಖಾನೆ, ಕಂಪನಿಗಳವರಿಗೆ ನನ್ನ ವಿನಂತಿ: ರಾಜೀನಾಮೆ ಒಪ್ಪಿಕೊಂಡ ಪತ್ರದಲ್ಲೇ ಈ ಬದಲಾವಣೆಯ ಬಗ್ಗೆ ಎರಡು ಸಾಲು ಸೇರಿಸಿ. ಹುಡುಗ ಅವತ್ತೇ ಮೇಲ್ ಕಳಿಸಿದ. ಅವನ ಕೊನೆಯ ದಿನಕ್ಕೆ ಇನ್ನೂ 19 ದಿನ ಇದೆ. ಉತ್ತರಕ್ಕೆ ಕಾಯುತ್ತಿದ್ದೇವೆ.

— ನಿಮ್ಮ ಓದುಗ, ಭೋಸರಿ, ಪುಣೆ